ಒಂಬತ್ತನೇ ತಾರೀಖಿನ ಬಸುರಿಯರ ತಪಾಸಣೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದು

ಮಗಳ ಬಸುರಿನ ತಪಾಸಣೆಗೆ ಸರ್ಕಾರಿ ಆಸ್ಪತ್ರೆಯನ್ನು ನಂಬಬಹುದೇ ಎಂದು ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಕೇಳುತ್ತಲೇ ಇರುತ್ತಾರೆ. ನಂಬಬಹುದು ಎಂದೇ ಹೇಳುತ್ತೇನೆ. ಶೌಚಾಲಯದ ಬಗ್ಗೆ, ಹೆರಿಗೆ ವಾರ್ಡಿನ ಬಗ್ಗೆ ನನಗೆ ದೂರುಗಳಿವೆ, ಅವನ್ನೂ ಬರೆಯುತ್ತೇನೆ. ಆದರೆ ತಪಾಸಣೆಯನ್ನು ಮಾತ್ರ ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಆಸ್ಪತ್ರೆಯವರು ಮಾಡಿದಷ್ಟು ಶ್ರದ್ಧೆಯಿಂದ ನಾವು ದುಡ್ಡು ಕೊಟ್ಟು ಹೋದ ಯಾವ ಜಾಗದಲ್ಲೂ ಮಾಡಲಿಲ್ಲ.

ಮಗಳು ಅಳಿಯ ಇರುವುದು ಬೆಂಗಳೂರಿನ ಪೀಣ್ಯದ ಕಡೆ. ಎರಡನೇ ತಿಂಗಳಲ್ಲೇ ಅಲ್ಲಿನ ನಗರ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಂಡಿದ್ದಳು. ರಕ್ತದ ಗುಂಪು, ಎಚ್‌ಐವಿ, ಕಾಮಾಲೆಯ ಬಿ ವೈರಸ್, ಥೈರಾಯ್ಡ್ ಪರೀಕ್ಷೆಗಳೆಲ್ಲ ಅಲ್ಲೇ ಆಗಿದ್ದವು. ಧನುರ್ವಾಯು, ಗಂಟಲಮಾರಿ ಬಾರದಂತೆ ಹಾಕುವ ಟಿಡಿ ಚುಚ್ಚುಮದ್ದು ಕೂಡ ಒಂದು ತಿಂಗಳ ಅಂತರದಲ್ಲಿ ಎರಡೂ ಬಿದ್ದಿದ್ದವು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ನಾವು ಊರಿಗೆ ಕರೆತಂದೆವು. ನಮ್ಮ ಕಡೆಯ ಹೆಣ್ಣುಮಕ್ಕಳ ತಪಾಸಣೆ ಕೈತಪ್ಪುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಅಲ್ಲಿಯವರು ತವರಿಗೆ ಹೋದಳು ಎಂದುಕೊಳ್ಳುತ್ತಾರೆ, ಇಲ್ಲಿಯವರಿಗೆ ಬಂದದ್ದೇ ಗೊತ್ತಿರುವುದಿಲ್ಲ. ಕಾರ್ಡ್ ಬೀರುವಿನಲ್ಲಿ ಉಳಿದು ಎರಡು ತಿಂಗಳು ಕಳೆದುಹೋಗುತ್ತದೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಗಳು ಬಂದ ವಾರದಲ್ಲೇ ಮನೆಗೆ ಬಂದರು. ಕಾರ್ಡ್ ಕೇಳಿ ಪಡೆದು, ಅದರಲ್ಲಿದ್ದ ನೋಂದಣಿ ಸಂಖ್ಯೆಯನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು, "ಒಂಬತ್ತನೇ ತಾರೀಖು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಮ್ಮಾ, ನಾನು ಅಲ್ಲೇ ಇರುತ್ತೇನೆ" ಎಂದರು. ಇದ್ದರು ಕೂಡ.

ಅದಕ್ಕೂ ಮೊದಲು ನೆಂಟರ ಒತ್ತಾಯಕ್ಕೆ ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿದ್ದೆವು. ಕಟ್ಟಡ ಚೆನ್ನಾಗಿದೆ, ನೆಲ ಹೊಳೆಯುತ್ತದೆ, ಕುರ್ಚಿಗಳಿಗೆ ಮೆತ್ತೆ ಹಾಕಿದ್ದಾರೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಮಗಳನ್ನು ನಿಲ್ಲಿಸಿಕೊಂಡೇ, ಚೂಡಿದಾರದ ತೋಳಿನ ಮೇಲೇ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಎಷ್ಟಿದೆ ಎಂದು ಕೇಳಿದೆ. "ಡಾಕ್ಟರ್ ಹೇಳುತ್ತಾರೆ" ಎಂದರು. ಡಾಕ್ಟರ್ ಹೇಳಲಿಲ್ಲ. ಕೈಗೆ ಬಂದದ್ದು ಒಂದು ಉದ್ದನೆಯ ಔಷಧಿ ಚೀಟಿ, ಪ್ರೋಟೀನ್ ಪುಡಿಯ ಡಬ್ಬ ಮತ್ತು ಬಿಲ್ಲು. ಮಗಳ ಮನಸ್ಸಿನಲ್ಲಿದ್ದ ದೊಡ್ಡ ಅಂಜಿಕೆಯ ಬಗ್ಗೆ ಬಾಯಿ ಬಿಡಲು ಅಲ್ಲಿ ಅವಕಾಶವೇ ಆಗಲಿಲ್ಲ.

ಆ ಅಂಜಿಕೆ ಹುಟ್ಟಿದ್ದು ಐದನೇ ತಿಂಗಳ ಸ್ಕ್ಯಾನ್ ವರದಿಯಿಂದ. ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನವರು ಮಗುವಿನ ಅಂಗಾಂಗಗಳೆಲ್ಲ ಸರಿಯಾಗಿವೆ ಎಂದು ಬರೆದು, ಕೊನೆಯಲ್ಲಿ ಮಾಸು ಕೆಳಗೆ ಇದೆ ಎಂಬ ಒಂದು ಸಾಲು ಸೇರಿಸಿದ್ದರು. ವಿವರಿಸಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ಮೊಬೈಲಿನಲ್ಲಿ ಹುಡುಕಿ, ರಕ್ತಸ್ರಾವ ಎಂಬ ಮಾತು ಓದಿ, ಅಂದಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಮೇಡಂ ಅದೇ ವರದಿಯನ್ನು ಕೈಗೆತ್ತಿಕೊಂಡು, ಒಂದು ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬರೆದು ತೋರಿಸಿದರು. ಐದನೇ ತಿಂಗಳಲ್ಲಿ ಮಾಸು ಕೆಳಗಿರುವುದು ಅನೇಕರಲ್ಲಿ ಕಾಣುತ್ತದೆ, ಗರ್ಭಕೋಶದ ಕೆಳಭಾಗ ಹಿಗ್ಗುತ್ತಾ ಹೋದಂತೆ ಹೆಚ್ಚಿನವರಲ್ಲಿ ಅದು ಬಾಯಿಯಿಂದ ದೂರ ಸರಿಯುತ್ತದೆ, 32ನೇ ವಾರಕ್ಕೆ ಇನ್ನೊಮ್ಮೆ ನೋಡೋಣ, ಅಷ್ಟರೊಳಗೆ ರಕ್ತ ಕಂಡರೆ ಒಂದು ಕ್ಷಣವೂ ಕಾಯದೆ ಬರಬೇಕು ಎಂದರು. ಇಷ್ಟನ್ನು ಹೇಳುವುದಕ್ಕೆ ಅವರಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಹೊರಗೆ ಅಷ್ಟು ದೊಡ್ಡ ಸಾಲಿತ್ತು, ಆದರೂ ಹೇಳಿದರು. 32ನೇ ವಾರದ ಸ್ಕ್ಯಾನಿನಲ್ಲಿ ಮಾಸು ಮೇಲೆ ಸರಿದಿತ್ತು.

ಒಂಬತ್ತನೇ ತಾರೀಖಿನ ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾಲ್ಕನೇ ತಿಂಗಳು ತುಂಬಿದ ಬಸುರಿಯರನ್ನು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ನೋಡಬೇಕು ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದು. ಹೆಸರು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ, ಶುರುವಾದದ್ದು 2016ರಲ್ಲಿ. ಆ ದಿನ ಭಾನುವಾರ ಬಿದ್ದರೆ ಮರುದಿನ ನಡೆಯುತ್ತದೆ. ಬೇರೆ ದಿನಗಳಲ್ಲಿ ತಪಾಸಣೆ ಇಲ್ಲವೆಂದಲ್ಲ. ಆ ದಿನ ಡಾಕ್ಟರ್, ಪ್ರಯೋಗಾಲಯ, ಔಷಧಿ, ಆಶಾ ಕಾರ್ಯಕರ್ತೆಯರು ಎಲ್ಲ ಒಂದೇ ಕಡೆ ಸಿಗುತ್ತಾರೆ ಎಂಬುದೇ ಅದರ ಅನುಕೂಲ.

ಮೊದಲು ತೂಕ. ಆಮೇಲೆ ಬೆಂಚಿನ ಮೇಲೆ ಸುಮ್ಮನೆ ಕೂರಿಸುತ್ತಾರೆ. ಉಸಿರಾಟ ಹದಕ್ಕೆ ಬಂದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು, ತೋಳಿನ ಬಟ್ಟೆ ಮೇಲೆತ್ತಿಸಿ ರಕ್ತದೊತ್ತಡ ನೋಡುತ್ತಾರೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಪ್ರಯೋಗಾಲಯದಿಂದ ಬರುತ್ತದೆ. ಪರದೆಯ ಹಿಂದೆ ಮಲಗಿಸಿ, ಸಿಸ್ಟರ್ ಹೊಟ್ಟೆಯ ಮೇಲೆ ಟೇಪು ಹಿಡಿದು ಗರ್ಭ ಎಷ್ಟು ಸೆಂಟಿಮೀಟರ್ ಏರಿದೆ ಎಂದು ಅಳೆಯುತ್ತಾರೆ. ಆರನೇ ತಿಂಗಳು ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಇರಬೇಕಂತೆ. ಮಗುವಿನ ತಲೆ ಯಾವ ಕಡೆಗಿದೆ ಎಂದು ಕೈಯಲ್ಲೇ ಒತ್ತಿ ನೋಡುತ್ತಾರೆ. ಎದೆಬಡಿತ ಕೇಳಿಸುತ್ತಾರೆ. ಒಂದೊಂದು ಅಂಕಿಯನ್ನೂ ಕಾರ್ಡಿನಲ್ಲಿ ಬರೆದು, ಬರೆದದ್ದನ್ನು ಮಗಳಿಗೇ ಓದಿ ಹೇಳಿದರು. ನಾನು ಜೀವನವೆಲ್ಲ ರವಿಕೆ ಹೊಲಿದವಳು; ಒಂದು ಸಲ ಅಳೆದು ಊಹೆಯ ಮೇಲೆ ಕತ್ತರಿಸಿದರೆ ಬಟ್ಟೆ ಕೆಡುತ್ತದೆಂದು ಬಲ್ಲೆ. ಪ್ರತಿ ಸಲವೂ ಹೊಸದಾಗಿ ಅಳೆದು ಹಿಂದಿನ ಅಂಕಿಯ ಜೊತೆ ತಾಳೆ ನೋಡುವ ಆ ಸಿಸ್ಟರನ್ನು ಕಂಡು ನನಗೆ ಧೈರ್ಯ ಬಂತು.

ಮೊದಲ ದಿನವೇ ಹಿಮೋಗ್ಲೋಬಿನ್ 9.6 ಎಂದು ಗೊತ್ತಾಯಿತು. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅಪಾಯ. ಬೆಂಗಳೂರಿನಲ್ಲೇ ಕಬ್ಬಿಣಾಂಶದ ಕೆಂಪು ಮಾತ್ರೆ ಕೊಟ್ಟಿದ್ದರು, ಆದರೆ ವಾಂತಿ ಬರುತ್ತದೆಂದು ಮಗಳು ಅರ್ಧಕ್ಕರ್ಧ ಬಿಟ್ಟಿದ್ದಳು. ಸಿಸ್ಟರ್ ಬೈಯಲಿಲ್ಲ. ಯಾವಾಗ ನುಂಗುತ್ತೀಯಾ ಎಂದು ಕೇಳಿದರು. ಬೆಳಗ್ಗೆ ಕಾಫಿಯ ಜೊತೆ, ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಎಂದಳು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಇವೆಲ್ಲ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ ತಗೋ, ಕೆಂಪು ಮಾತ್ರೆಯನ್ನು ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ ನುಂಗಿ ಮಲಗು, ಮಲ ಕಪ್ಪಗಾದರೆ ಹೆದರಬೇಡ ಎಂದು ಬಿಡಿಸಿ ಹೇಳಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಆ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂದರು. ನಮ್ಮ ಕಡೆ ಈ ಮಾತು ಇನ್ನೂ ಸತ್ತಿಲ್ಲ. ಮಾತ್ರೆಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ ಎಂದು ಸಿಸ್ಟರ್ ಅಜ್ಜಿಗೂ ಅಷ್ಟೇ ತಾಳ್ಮೆಯಿಂದ ವಿವರಿಸಿದರು. ಮಾತ್ರೆಯಿಂದ ಏರಿಕೆ ನಿಧಾನವಾದ್ದರಿಂದ ಆಮೇಲೆ ದಿನ ಬಿಟ್ಟು ದಿನ ಆಸ್ಪತ್ರೆಗೆ ಕರೆಸಿ, ಕಬ್ಬಿಣಾಂಶದ ಚುಚ್ಚುಮದ್ದನ್ನು ಗ್ಲೂಕೋಸ್ ಬಾಟಲಿಯ ಹಾಗೆ ನರಕ್ಕೆ ಹನಿ ಹನಿಯಾಗಿ ಕೊಟ್ಟರು. ಹೆರಿಗೆಯ ಹೊತ್ತಿಗೆ ಅಂಕಿ 11ರ ಹತ್ತಿರ ಬಂದಿತ್ತು. ಇದಕ್ಕೆ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಸಕ್ಕರೆ ಪರೀಕ್ಷೆಯ ಬಗ್ಗೆ ದೂರದ ಹಳ್ಳಿಯಿಂದ ಬರುವವರು ತಿಳಿದಿರಬೇಕಾದ ಒಂದು ಮಾತಿದೆ. ಇಲ್ಲಿ ಮಾಡುವ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿಗೆ ಬೆರೆಸಿ ಕುಡಿಸುತ್ತಾರೆ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ, 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎಂದು ಲೆಕ್ಕ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಬೇಕು. ಆದ್ದರಿಂದ ನಿಧಾನವಾಗಿ ಗುಟುಕರಿಸಲಿ, ಐದು ಹತ್ತು ನಿಮಿಷ ತೆಗೆದುಕೊಳ್ಳಲಿ. ಮಗಳಿಗೆ 118 ಬಂತು. ಆದರೆ ಆ ಎರಡು ಗಂಟೆ ಕೂರುವುದಕ್ಕೆ ಜಾಗವಿರಲಿಲ್ಲ. ಹೊಟ್ಟೆ ಹೊತ್ತ ಹೆಂಗಸರು ಮೆಟ್ಟಿಲ ಮೇಲೆ, ಹೊಂಗೆ ಮರದ ಕಟ್ಟೆಯ ಮೇಲೆ, ಕೆಲವರು ನೆಲದ ಮೇಲೇ ಕೂತಿದ್ದರು. ಗ್ಲೂಕೋಸ್ ಕುಡಿದು ತಲೆ ಸುತ್ತುವವರನ್ನು ಹಾಗೆ ಕೂರಿಸುವುದು ತಪ್ಪು. ಇಪ್ಪತ್ತು ಕುರ್ಚಿ ತರಿಸುವುದು ಒಂದು ಆಸ್ಪತ್ರೆಗೆ ದೊಡ್ಡ ಖರ್ಚಲ್ಲ.

ನಮ್ಮನ್ನು ಉಳಿಸಿದ ದಿನ ಮುಂದಿನ ಒಂಬತ್ತನೇ ತಾರೀಖು. ಮಗಳಿಗೆ 34 ವಾರ ನಡೆಯುತ್ತಿತ್ತು. ಕಾಲು ಊದಿಕೊಂಡಿತ್ತು. ಅದು ಬಸುರಿಯರಿಗೆಲ್ಲ ಇದ್ದದ್ದೇ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು, ಅವಳಿಗೂ ಬೇರೆ ತೊಂದರೆ ಏನೂ ಅನ್ನಿಸುತ್ತಿರಲಿಲ್ಲ. ರಕ್ತದೊತ್ತಡ ನೋಡಿದ ಸಿಸ್ಟರ್ ಮಾತನಾಡದೆ ಹಿಂದಿನ ಪುಟ ತಿರುವಿದರು. ಆ ತನಕ 110/70, 118/76 ಎಂದಿದ್ದ ಕಡೆ ಈಗ 146/94. ಎಡಮಗ್ಗುಲಿಗೆ ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, ಇಳಿದಿರಲಿಲ್ಲ. 140/90 ದಾಟಿದರೆ ಬಸುರಿಯನ್ನು ಹಾಗೇ ಮನೆಗೆ ಕಳಿಸುವುದಿಲ್ಲ ಎಂದು ಹೇಳಿ ತಾವೇ ಕೈಹಿಡಿದು ಮೇಡಂ ಹತ್ತಿರ ಕರೆದುಕೊಂಡು ಹೋದರು. ಸಾಲಿನಲ್ಲಿ ನಿಲ್ಲಿಸಲಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಇರಲಿಲ್ಲ, ಅದೊಂದು ಸಮಾಧಾನ. ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಂಟೆಗಳ ಅಂತರದಲ್ಲಿ ಒತ್ತಡ ನೋಡಿ, ಯಕೃತ್ತು, ಮೂತ್ರಪಿಂಡಗಳ ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ಶುರು ಮಾಡಿದರು. ಕಾರ್ಡಿನ ಮೇಲೆ ಹಸಿರು ಚೀಟಿ ಇದ್ದಲ್ಲಿ ಕೆಂಪು ಚೀಟಿ ಅಂಟಿಸಿದರು. ಹೆಚ್ಚು ನಿಗಾ ಬೇಕಾದ ಗರ್ಭಿಣಿ ಎಂಬ ಗುರುತು ಅದು. ರಾತ್ರಿ ಪಾಳಿಯ ಯಾವುದೇ ಹೊಸ ಡಾಕ್ಟರ್ ನೋಡಿದರೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಬಿಡುಗಡೆ ಮಾಡುವಾಗ ಮೇಡಂ ಮಗಳನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡರು. ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೋವು ಬಂದರೆ, ಮುಖ ಊದಿಕೊಂಡರೆ, ಮಗುವಿನ ಚಲನೆ ಕಡಿಮೆ ಅನ್ನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ ಎಂದರು. ಹೇಳಿದ್ದನ್ನು ಮಗಳ ಬಾಯಿಂದ ಇನ್ನೊಮ್ಮೆ ಹೇಳಿಸಿದರು. ಖಾಸಗಿಯಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಸುರಿಯ ರಕ್ತದೊತ್ತಡ ಏರುವಾಗ ಎಷ್ಟೋ ಸಲ ಅವಳಿಗೆ ಏನೂ ಅನ್ನಿಸುವುದಿಲ್ಲ. ಸರಿಯಾಗಿ ಅಳೆಯುವವರು ಇಲ್ಲದಿದ್ದರೆ ಅದು ಗೊತ್ತಾಗುವುದು ಫಿಟ್ಸ್ ಬಂದಾಗಲೇ. ಹಾಗೆ ಹೋದ ಒಬ್ಬ ಸೊಸೆಯನ್ನು ನಮ್ಮ ಊರು ಕಂಡಿದೆ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳಲಾರೆ: ತೋಳಿನ ಬಟ್ಟೆ ಮೇಲೆತ್ತದೆ, ಕೂರಿಸದೆ ಒತ್ತಡ ನೋಡುವ ಜಾಗ ಎಷ್ಟೇ ಚೆಂದವಾಗಿದ್ದರೂ ಅಲ್ಲಿಗೆ ಹೋಗಬೇಡಿ.

ಇನ್ನು ದೂರುಗಳು. ಮೂತ್ರದ ಮಾದರಿ ಕೊಡಲು ಕಟ್ಟಡದ ಹಿಂದಿನ ಶೌಚಾಲಯಕ್ಕೆ ಹೋಗಬೇಕು. ದಾರಿ ಮಳೆಗಾಲದಲ್ಲಿ ಜಾರುತ್ತದೆ, ಬಾಗಿಲಿಗೆ ಚಿಲಕವಿಲ್ಲ, ಮಧ್ಯಾಹ್ನದ ಹೊತ್ತಿಗೆ ನೀರು ನಿಂತಿರುತ್ತದೆ. ಎಂಟು ತಿಂಗಳ ಹೊಟ್ಟೆಯವಳು ಅಲ್ಲಿ ಕೂರುವುದು ಹೇಗೆ? ಸ್ಕ್ಯಾನ್ ಮಾಡುವ ಡಾಕ್ಟರ್ ವಾರದ ಎಲ್ಲ ದಿನ ಬರುವುದಿಲ್ಲ, ಹಾಗಾಗಿ 32ನೇ ವಾರದ ಸ್ಕ್ಯಾನನ್ನು ನಾವು ಹೊರಗೆ ದುಡ್ಡು ಕೊಟ್ಟೇ ಮಾಡಿಸಿದೆವು. ಪರೀಕ್ಷಿಸುವ ಹಾಸಿಗೆಗೆ ಪರದೆ ಇದೆ, ಆದರೆ ಬಾಗಿಲಲ್ಲಿ ಗಂಡಸರು ಇಣುಕುತ್ತಿರುತ್ತಾರೆ, ತಡೆಯುವವರಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ಕಾರ್ಡೇ ಇಲ್ಲದೆ ಎಂಟನೇ ತಿಂಗಳಲ್ಲಿ ಬಂದ ಒಬ್ಬ ಕೂಲಿ ಹೆಂಗಸನ್ನು ಚೀಟಿ ಬರೆಯುವ ಗುಮಾಸ್ತ ಎಲ್ಲರೆದುರು ಗದರಿಸಿದರು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂಬ ಮಾತು ಅವರ ಬಾಯಿಂದ ಬಂತು. ಇಟ್ಟಿಗೆ ಭಟ್ಟಿಯ ಕೆಲಸ, ಊರಿಂದೂರಿಗೆ ಹೋಗುವ ಬದುಕು, ಅವಳು ಹನ್ನೆರಡು ವಾರದೊಳಗೆ ಎಲ್ಲಿ ಹೆಸರು ಬರೆಸಬೇಕಿತ್ತು? ಹಾಗೆ ತಡವಾಗಿ ಬಂದವಳನ್ನೇ ಎಲ್ಲರಿಗಿಂತ ಮೊದಲು ಒಳಗೆ ಕರೆದು ಕೂರಿಸಬೇಕು. ಇವತ್ತು ಬೈಸಿಕೊಂಡವಳು ನಾಳೆ ಬರುವುದಿಲ್ಲ, ಹೆರಿಗೆಯನ್ನು ಗುಡಿಸಲಿನಲ್ಲೇ ಮಾಡಿಕೊಳ್ಳುತ್ತಾಳೆ. ಅದೇ ಸಿಸ್ಟರ್ ಎದ್ದು ಬಂದು ಅವಳನ್ನು ಕರೆದುಕೊಂಡು ಹೋಗಿ ಅಲ್ಲೇ ಹೊಸ ಕಾರ್ಡ್ ಮಾಡಿಸಿದರು. ಒಬ್ಬ ಸಿಸ್ಟರಿನ ಒಳ್ಳೆಯತನದ ಮೇಲೆ ಒಂದು ಇಡೀ ಆಸ್ಪತ್ರೆ ನಡೆಯಬಾರದು.

38ನೇ ವಾರಕ್ಕೆ ದಿನ ಗೊತ್ತುಮಾಡಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಸಹಜ ಹೆರಿಗೆ, ಹೆಣ್ಣುಮಗು, 2.7 ಕಿಲೋ, ಇಬ್ಬರೂ ಕ್ಷೇಮ. ವಾರ್ಡಿನ ಆಯಾ ಒಬ್ಬರು ಖುಷಿಗೆ ಕೊಡಿ ಎಂದು ಕೈಚಾಚಿದರು, ಮಗು ನೋಡಲು ಬಂದ ಬೀಗರನ್ನೂ ಬಿಡಲಿಲ್ಲ. ನಾನು ಕೊಡಲಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ, ಓಡಾಟದ ವಾಹನ ಎಲ್ಲವೂ ಉಚಿತ. ಆ ಫಲಕ ಅದೇ ಗೋಡೆಯ ಮೇಲಿತ್ತು, ಅದನ್ನೇ ತೋರಿಸಿದೆ. ಆದರೆ ಪಕ್ಕದ ಹಾಸಿಗೆಯವರು ಹೆದರಿ ಕೊಟ್ಟರು. ಹೆರಿಗೆ ವಾರ್ಡಿನ ಮೇಲ್ವಿಚಾರಕರಿಗೆ ಇದು ಗೊತ್ತಿರಲಾರದು ಎಂದು ನಾನು ನಂಬುವುದಿಲ್ಲ.

ಮನೆಗೆ ಹೊರಡುವ ಮುಂಚೆ ಇನ್ನೊಂದು ವಿಷಯ ಹೇಳಿದರು. ಹೆರಿಗೆಯಾದ ಮೇಲೂ ಮೊದಲ ವಾರದಲ್ಲಿ ಒತ್ತಡ ಮತ್ತೆ ಏರಬಹುದು, ಆದ್ದರಿಂದ ನೋಡಿಸುತ್ತಿರಬೇಕು. ಕಬ್ಬಿಣಾಂಶದ ಮಾತ್ರೆ ಇನ್ನೂ ಆರು ತಿಂಗಳು ಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇದ್ದರೆ ಬಿಡಿ, ಬಾಯಾರಿದಷ್ಟು ಕುಡಿಯಲಿ. ಈ ಕೊನೆಯ ಮಾತಿಗೆ ನಮ್ಮತ್ತೆಯವರು ಮುಖ ಸಿಂಡರಿಸಿದರು, ಆದರೂ ಚೊಂಬಿನ ತುಂಬ ಕಾಯಿಸಿ ಆರಿಸಿದ ನೀರು ಮಗಳ ಪಕ್ಕದಲ್ಲೇ ಇರುತ್ತಿತ್ತು. ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಆಮೇಲೆ ವಾರಕ್ಕೊಮ್ಮೆ ಬಂದು ಮಗುವಿನ ತೂಕ, ಮೈಬಿಸಿ, ಹೊಕ್ಕುಳು ನೋಡಿಕೊಂಡು ಹೋದರು.

ಹೋಗುವವರು ಬೆಳಗ್ಗೆ ಒಂಬತ್ತರೊಳಗೆ ಅಲ್ಲಿರಿ. ತಾಯಿ ಕಾರ್ಡ್, ಹಿಂದಿನ ಸ್ಕ್ಯಾನ್ ವರದಿಗಳು, ಬೇರೆ ಕಡೆ ಕೊಟ್ಟ ಔಷಧಿ ಚೀಟಿಗಳು, ಆಧಾರ್, ಕುಡಿಯುವ ನೀರು, ಊಟದ ಡಬ್ಬಿ ಜೊತೆಗಿರಲಿ. ತೋಳು ಸುಲಭವಾಗಿ ಮೇಲೇರುವ ಬಟ್ಟೆ ಹಾಕಿಸಿ. ಬರೆದ ಅಂಕಿಗಳನ್ನು ಕೇಳಿ ತಿಳಿದುಕೊಳ್ಳಿ, ಕೇಳಿದರೆ ಇಲ್ಲಿ ಹೇಳುತ್ತಾರೆ. ಶೌಚಾಲಯ, ಕುರ್ಚಿ ಮತ್ತು ವಾರ್ಡಿನ ಹಣದ ವಿಚಾರವಾಗಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೆದಿದ್ದೇನೆ. ಅದರ ಪ್ರತಿ ನನ್ನ ಅಂಗಡಿಯಲ್ಲಿದೆ. ಅಲ್ಲಿ ತಪಾಸಣೆ ಮಾಡಿಸಿಕೊಂಡ ಹೆಣ್ಣುಮಕ್ಕಳು, ಅವರ ತಾಯಂದಿರು, ಅತ್ತೆಯರು ಬಂದು ಸಹಿ ಹಾಕಿದರೆ ಮುಂದಿನ ಸಭೆಗೆ ಮುಂಚೆ ಕೊಟ್ಟುಬರುತ್ತೇನೆ.